ಚಿಂದಿಯೂ ನೂಲಾಗುತ್ತದೆ



'ಹಸಿರು ಉದ್ಯೋಗ' ಎಂಬ ಮಾತು ಈಗ ನಮ್ಮ ಮನೆಗಳ ಊಟದ ಪಂಕ್ತಿಯವರೆಗೂ ಬಂದಿದೆ. ಓದಿದ ಮಕ್ಕಳು 'ಗ್ರೀನ್ ಜಾಬ್' ಎನ್ನುತ್ತಾರೆ. ಸಾಲದ ಅರ್ಜಿಯಲ್ಲಿ ಆ ಮಾತು ಇದ್ದರೆ ಬ್ಯಾಂಕಿನವರು ಕುರ್ಚಿ ಕೊಟ್ಟು ಕೂಡಿಸಿ ಚಹಾ ತರಿಸುತ್ತಾರೆ. ನಾವು ಮ್ಯಾಟ್ರಿಕ್ ಮುಗಿಸಿ ಅಂಗಡಿಯ ಗಾದಿಯ ಮೇಲೆ ಕೂತವರು. ಹೊಸ ಮಾಲು ಬಂದಾಗ ಗಂಟು ಬಿಚ್ಚಿ, ಒಳಗಿನದನ್ನು ಕೈಯಿಂದ ಮುಟ್ಟಿ ನೋಡದೆ ದರ ಹೇಳುವ ಪದ್ಧತಿ ನಮ್ಮಲ್ಲಿಲ್ಲ. ಹೊಸ ಮಾತಿಗೂ ಅದೇ ನ್ಯಾಯ.

ಗಂಟು ಬಿಚ್ಚಿ ನೋಡಿದೆವು. 2008ರಲ್ಲಿ ವಿಶ್ವಸಂಸ್ಥೆಯ ಪರಿಸರ ವಿಭಾಗ ಹಾಗೂ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಮುಂತಾದವರು ಕೂಡಿ ಈ ವಿಷಯದ ಮೇಲೆ ಒಂದು ದೊಡ್ಡ ವರದಿ ತಂದರು. ನಮ್ಮ ದೇಶದಲ್ಲಿ 2015ರಲ್ಲಿ ಇದಕ್ಕೆಂದೇ ಒಂದು ಕೌಶಲ ಮಂಡಳಿ ಆಯಿತು. ವರದಿಯ ಸಾರಾಂಶವನ್ನು ಮಗನಿಂದ ಓದಿಸಿ ಕೇಳಿದಾಗ ಒಂದು ಸಂಗತಿ ನಮ್ಮ ಕಿವಿಯಲ್ಲಿ ನಿಂತಿತು. ಗಾಳಿ ನೀರು ಕೆಡದಂತೆ ಮಾಡುವ ಕೆಲಸ ಎಂದಷ್ಟಕ್ಕೇ ಅದು ಹಸಿರು ಉದ್ಯೋಗ ಆಗುವುದಿಲ್ಲವಂತೆ. ಅದು ಮರ್ಯಾದೆಯ ದುಡಿಮೆಯೂ ಆಗಿರಬೇಕು. ಎಂದರೆ ಸರಿಯಾದ ಪಗಾರ, ಸುರಕ್ಷೆ, ಕಾಯಿಲೆ ಬಿದ್ದರೆ ಒಂದು ಆಸರೆ. ಈ ಎರಡನೆಯ ಅರ್ಧವನ್ನು ನಮ್ಮ ಪೇಟೆಯಲ್ಲಿ ಯಾರೂ ಹೇಳುವುದಿಲ್ಲ. ಅದಕ್ಕಾಗಿಯೇ ಈ ನಾಲ್ಕು ಮಾತು ಬರೆಯಬೇಕೆನಿಸಿತು.

ಸೋಲಾಪುರದವರಿಗೆ ಕಾರ್ಖಾನೆ ಎಂದರೇನು, ಕೆಲಸ ಎಂದರೇನು ಎಂದು ಯಾರೂ ಕಲಿಸಬೇಕಾಗಿಲ್ಲ. ಹಳೆಯ ಗಿರಣಿ ಹುಟ್ಟಿದ್ದು 1870ರ ದಶಕದಲ್ಲಿ. ಅದರ ಭೋಂಗಾ ಕೂಗಿದಾಗ ಊರೇ ಎದ್ದು ಕೂಡುತ್ತಿತ್ತು ಎಂದು ನಮ್ಮ ಅಜ್ಜನವರು ಹೇಳುತ್ತಿದ್ದರು. ತೆಲುಗರು, ಕನ್ನಡಿಗರು, ಮರಾಠಿಗರು, ಉರ್ದು ಮಾತಾಡುವವರು ಎಲ್ಲರೂ ಈ ಊರಿಗೆ ಬಂದು ನೆಲೆ ನಿಂತದ್ದು ಆ ಕೂಗಿಗೆ. 1949ರಲ್ಲಿ ಆ ಗಿರಣಿ ಒಮ್ಮೆ ಮುಚ್ಚಿತು. ಸರಕಾರ ಕೈಗೆ ತೆಗೆದುಕೊಂಡಿತು, ಪಾಲುದಾರರು ಸುಪ್ರೀಂ ಕೋರ್ಟಿಗೆ ಹೋದರು. 1950ರ ಆ ಖಟ್ಲೆಯನ್ನು ವಕೀಲಿ ಓದುವ ಹುಡುಗರು ಇವತ್ತಿಗೂ ಪಾಠವಾಗಿ ಓದುತ್ತಾರೆ. ಮುಂದೆ ಅದು ಪೂರ್ತಿ ನಿಂತಿತು. ಅದರ ಹಿಂದೆ ಲಕ್ಷ್ಮೀ-ವಿಷ್ಣು, ನರಸಿಂಗ ಗಿರಜಿ, ಒಂದೊಂದಾಗಿ ಎಲ್ಲವೂ ನಿಂತವು. ಚಿಮಣಿಗಳ ಹೊಗೆ ನಿಂತು ಗಾಳಿ ಶುದ್ಧವಾಯಿತು ಎಂದು ಬೇಕಾದರೆ ಹೇಳಬಹುದು. ಜೊತೆಗೆ ಸಾವಿರಾರು ಮನೆಗಳ ಒಲೆಯ ಹೊಗೆಯೂ ನಿಂತಿತ್ತು.

ಇದೇ ಊರಲ್ಲಿ 1882ರಲ್ಲಿ ಹುಟ್ಟಿದ ಶೇಠ ವಾಲಚಂದ ಹಿರಾಚಂದರು ಹಡಗು, ವಿಮಾನ, ಮೋಟಾರುಗಳ ಕಾರ್ಖಾನೆ ಕಟ್ಟಿದರು. ಬೆಂಗಳೂರಿನ ಹಿಂದುಸ್ಥಾನ್ ಏರ್‌ಕ್ರಾಫ್ಟ್ 1940ರಲ್ಲಿ ಅವರು ಹಾಕಿದ ಬೀಜ. ಜೈನರು ತಕ್ಕಡಿ ಹಿಡಿಯುವುದಕ್ಕಷ್ಟೇ ಲಾಯಕ್ಕು ಎನ್ನುವವರಿಗೆ ನಾವು ಈ ಹೆಸರು ಹೇಳಿ ಸುಮ್ಮನಾಗುತ್ತೇವೆ.

ನಮ್ಮದು ನೂಲಿನ ವ್ಯಾಪಾರ. ಕೊಯಿಮತ್ತೂರು, ಈರೋಡ್ ಕಡೆಯ ಗಿರಣಿಗಳಿಂದ ನೂಲು ತರಿಸಿ ಇಲ್ಲಿನ ಮಗ್ಗದವರಿಗೆ ಉದರಿ ಕೊಡುವುದು, ಚಾದರ ಟಾವೆಲ್ಲು ತಯಾರಾದ ಮೇಲೆ ಹಣ ವಸೂಲು ಮಾಡುವುದು. ಅಕ್ಕಲಕೋಟ ರಸ್ತೆಯ ಕಡೆ ನಮ್ಮವೇ ಕೆಲವು ಪವರ್‌ಲೂಮ್‌ಗಳೂ ಇವೆ. ಬಣ್ಣಕ್ಕೂ ಒಂದು ಕುಲಗೋತ್ರ ಇರುತ್ತದೆಂದು ನಮ್ಮ ಪೇಟೆಗೆ ತಿಳಿದದ್ದು 1994ರಲ್ಲಿ. ಕೆಲವು ಜಾತಿಯ ಅಜೋ ಬಣ್ಣಗಳು ಮೈಗೆ ತಾಗಿ ಒಡೆದಾಗ ಕ್ಯಾನ್ಸರ್ ತರುವ ವಸ್ತು ಹೊರಬರುತ್ತದೆ ಎಂದು ಆ ವರ್ಷ ಜರ್ಮನಿ ಅವುಗಳನ್ನು ನಿಷೇಧಿಸಿತು. 1997ರಲ್ಲಿ ನಮ್ಮ ಸರಕಾರವೂ ಅಂಥ ಬಣ್ಣಗಳ ಮೇಲೆ ನಿಷೇಧ ಹಾಕಿತು. ಆಗ ಪರದೇಶಕ್ಕೆ ಟಾವೆಲ್ಲು ಕಳಿಸುವವರೆಲ್ಲ ಪ್ರಮಾಣಪತ್ರ ಹಿಡಿದು ಪ್ರಯೋಗಶಾಲೆಗಳ ಬಾಗಿಲಲ್ಲಿ ನಿಂತರು. ಬಿ.ಎಸ್‌ಸಿ. ಕೆಮಿಸ್ಟ್ರಿ ಮಾಡಿ ಮನೆಯಲ್ಲಿ ಕೂತಿದ್ದ ಹುಡುಗರಿಗೆ ಬಣ್ಣದ ಕಾರ್ಖಾನೆಗಳಲ್ಲಿ ಕೆಲಸ ಸಿಕ್ಕಿತು. ಆಗ ಯಾರೂ ಅದನ್ನು ಹಸಿರು ಉದ್ಯೋಗ ಎಂದು ಕರೆದಿರಲಿಲ್ಲ. 'ಜರ್ಮನಿಯವರ ಕಾಟ' ಎಂದು ಕರೆದಿದ್ದರು.

ನೀರಿನ ಲೆಕ್ಕ ಇನ್ನೂ ದೊಡ್ಡದು. ಒಂದು ಕಿಲೋ ಹತ್ತಿನೂಲಿಗೆ ರಿಯಾಕ್ಟಿವ್ ಬಣ್ಣ ಕಟ್ಟಬೇಕೆಂದರೆ ಹತ್ತಾರು ಲೀಟರ್ ನೀರು ಬೇಕು. ಬಣ್ಣ ಹಿಡಿಯಲೆಂದು ಉಪ್ಪು, ಸೋಡಾ ಹಾಕುತ್ತಾರೆ. ಹಾಕಿದ ಬಣ್ಣವೆಲ್ಲ ನೂಲಿಗೆ ಹತ್ತುವುದಿಲ್ಲ, ಒಂದು ಭಾಗ ತೊಳೆದ ನೀರಿನಲ್ಲಿ ಹೊರಟು ಹೋಗುತ್ತದೆ. ಬಣ್ಣವನ್ನಾದರೂ ಹೇಗೋ ಕೂಡಿಸಿ ತೆಗೆಯಬಹುದು, ಕರಗಿದ ಉಪ್ಪನ್ನು ತೆಗೆಯುವುದೇ ಕಷ್ಟ. ತಿರುಪ್ಪೂರಿನಲ್ಲಿ ಆದದ್ದು ಇದೇ. ನೊಯ್ಯಲ್ ನದಿಯೆಲ್ಲ ಬಣ್ಣದ ಉಪ್ಪುನೀರಾಗಿ, ಕೆಳಗಿನ ರೈತರ ಹೊಲಗಳು ಸತ್ತು, ಕೊನೆಗೆ 2011ರ ಜನವರಿಯಲ್ಲಿ ಮದ್ರಾಸ್ ಹೈಕೋರ್ಟು ಬಣ್ಣದ ಕಾರ್ಖಾನೆಗಳನ್ನು ಮುಚ್ಚಲು ಆಜ್ಞೆ ಮಾಡಿತು. ಒಂದೇ ಆಜ್ಞೆಗೆ ನೂರಾರು ಕಾರ್ಖಾನೆ ನಿಂತವು. ಆ ವರ್ಷ ತಿರುಪ್ಪೂರಿನ ಕಡೆಗೆ ಹೋಗಬೇಕಾದ ನೂಲೆಲ್ಲ ಬೇರೆ ಪೇಟೆಗಳಿಗೆ ನುಗ್ಗಿ ದರ ಹೇಗೆ ಕುಸಿಯಿತೆಂದು ನೂಲಿನವರಿಗೆಲ್ಲ ನೆನಪಿದೆ. ಅಲ್ಲಿನವರು ಆಮೇಲೆ ಒಂದು ಹನಿ ಹೊರಗೆ ಬಿಡದೆ ನೀರನ್ನು ತಿರುಗಿ ಬಳಸುವ, ಉಪ್ಪುನೀರನ್ನೂ ಮತ್ತೆ ಬಣ್ಣಕ್ಕೇ ಹಾಕುವ ವ್ಯವಸ್ಥೆ ಕಟ್ಟಿದರು. ಆ ಶುದ್ಧೀಕರಣ ಘಟಕಗಳಲ್ಲಿ ಹಗಲು ರಾತ್ರಿ ಪಾಳಿಯಲ್ಲಿ ಜನ ದುಡಿಯುತ್ತಾರೆ. ಅವು ಹೊಸ ಉದ್ಯೋಗಗಳೇ, ಸುಳ್ಳಲ್ಲ. ಆದರೆ 2011ರಲ್ಲಿ ಪೆಟ್ಟಿಗೆ ಕಟ್ಟಿಕೊಂಡು ಊರಿಗೆ ಹೋದ ಕೂಲಿಕಾರನೇ ತಿರುಗಿ ಬಂದು ಆ ಕೆಲಸ ಹಿಡಿದನೆಂದು ಯಾರು ಹೇಳಬೇಕು?

ಹೊಸೂರಿನ ನಮ್ಮ ಬೀಗರು ಬೇರೆ ಕಥೆ ಹೇಳುತ್ತಾರೆ. ಆ ಊರಿಗೆ ಮೊದಲಿನಿಂದಲೂ ಯಂತ್ರದ ಗುಣ ಇದೆ. ಟಿ.ವಿ.ಎಸ್. ಮೋಟಾರು ಗಾಡಿಗಳು, ಅಶೋಕ ಲೇಲ್ಯಾಂಡ್ ಲಾರಿಗಳು, ಟೈಟನ್ ಕೈಗಡಿಯಾರ, ಎಲ್ಲವೂ ಅಲ್ಲಿಯವೇ. ಈಗ ಕರೆಂಟಿನ ಸ್ಕೂಟರು. ಟಿ.ವಿ.ಎಸ್.ನವರು 2020ರಲ್ಲಿ ತಮ್ಮದನ್ನು ತಂದರು, ಏಥರ್‌ನವರ ಹೊಸೂರು ಕಾರ್ಖಾನೆ 2021ರಲ್ಲಿ ಶುರುವಾಯಿತು, ಅದೇ ವರ್ಷ ಕೃಷ್ಣಗಿರಿ ಜಿಲ್ಲೆಯ ಪೋಚಂಪಳ್ಳಿಯ ತಮ್ಮ ಕಾರ್ಖಾನೆಯನ್ನು ಹೆಂಗಸರೇ ನಡೆಸುವರೆಂದು ಓಲಾದವರು ಪ್ರಕಟಿಸಿದರು. ಹಳ್ಳಿಯ ಹೆಣ್ಣುಮಕ್ಕಳು ಸಮವಸ್ತ್ರ ಹಾಕಿಕೊಂಡು ಬಸ್ಸು ಹತ್ತುವುದನ್ನು ನೋಡಿದರೆ ಸಂತೋಷವಾಗುತ್ತದೆ ಎಂದು ಬೀಗರು ಬರೆಯುತ್ತಾರೆ. ಆದರೆ ಅವರ ಅಂಗಡಿಯ ಗಿರಾಕಿಗಳು ಲೇತ್ ಇಟ್ಟುಕೊಂಡ ಸಣ್ಣ ಸಣ್ಣ ಕಾರ್ಖಾನೆಯವರು. ಪೆಟ್ರೋಲ್ ಇಂಜಿನ್ನಿಗೆ ಬೇಕಾಗುವ ಪಿಸ್ಟನ್, ಕ್ಲಚ್, ಗೇರಿನ ಹಲ್ಲುಚಕ್ರ ಮಾಡಿ ಬದುಕಿದವರು. ಕರೆಂಟಿನ ಗಾಡಿಗೆ ಅವು ಯಾವುವೂ ಬೇಡ. 'ಒಂದು ಕಡೆ ಹಸಿರಾದರೆ ಇನ್ನೊಂದು ಕಡೆ ಎಲೆ ಉದುರುತ್ತದೆ' ಎಂದು ಬೀಗರ ಪತ್ರದಲ್ಲಿತ್ತು. ಪತ್ರ ಎಂದರೆ ಈಗ ಮೊಬೈಲಿನ ಸಂದೇಶವೇ, ಆದರೆ ಅವರು ಅದರಲ್ಲೂ 'ಕ್ಷೇಮ, ಉಭಯ ಕುಶಲೋಪರಿ' ಎಂದೇ ಶುರುಮಾಡುತ್ತಾರೆ.

ನಮ್ಮ ಊರಿನ ಹತ್ತಿರವೂ ಹಸಿರಿನ ಹೆಸರಲ್ಲಿ ಹಲವು ಕೆಲಸ ಬಂದಿವೆ. ಎನ್.ಟಿ.ಪಿ.ಸಿ.ಯ 1320 ಮೆಗಾವಾಟಿನ ಕಲ್ಲಿದ್ದಲ ವಿದ್ಯುತ್ ಕೇಂದ್ರ ಬಂದಿರುವುದು ಸೋಲಾಪುರದ ಪಕ್ಕದಲ್ಲೇ. ಅಂಥ ಕೇಂದ್ರದ ಹಾರುಬೂದಿಗೆ ಸಿಮೆಂಟು, ಮರಳು ಬೆರೆಸಿ ಇಟ್ಟಿಗೆ ಒತ್ತುತ್ತಾರೆ. ಅದಕ್ಕೆ ಭಟ್ಟಿ ಬೇಡ, ಬೆಂಕಿ ಬೇಡ, ಹೊಲದ ಮೇಲ್ಮಣ್ಣು ಬೇಡ. ಇಟ್ಟಿಗೆ ಸುಡುವುದನ್ನು ನಮ್ಮವರು ಅಂಗಾರಕರ್ಮವೆಂದು ದೂರ ಇಟ್ಟಿದ್ದರು. ಈಗ ಸುಡದ ಇಟ್ಟಿಗೆ ಬಂದಿದೆ, ಆದರೆ ಬೂದಿ ಬಂದದ್ದು ಬೆಟ್ಟದಷ್ಟು ಕಲ್ಲಿದ್ದಲು ಸುಟ್ಟೇ. ಇದರ ಪಾಪದ ಹಂಚಿಕೆ ಹೇಗೆಂದು ಪಂಡಿತರನ್ನು ಕೇಳಿದರೆ ಅವರು ನಕ್ಕರು. ಸೌರಫಲಕಗಳ ಕೆಲಸವೂ 2024ರ ಫೆಬ್ರುವರಿಯ ಸೂರ್ಯಘರ್ ಯೋಜನೆಯ ನಂತರ ಜೋರಾಗಿದೆ. ಆದರೆ ಒಂದು ಮನೆಯ ಮಾಳಿಗೆಗೆ ಫಲಕ ಕೂಡಿಸುವ ಕೆಲಸ ಎರಡು ಮೂರು ದಿನದ್ದು, ಆಮೇಲೆ ಹುಡುಗರು ಇನ್ನೊಂದು ಮಾಳಿಗೆ ಹುಡುಕಬೇಕು. ಧೂಳು ಹಿಡಿದ ಫಲಕಗಳನ್ನು ನೀರಿನಿಂದ ತೊಳೆಯುತ್ತಿರಬೇಕು ಎಂದು ಅವರು ಹೇಳಿದಾಗ ನಮ್ಮ ಮನೆಯವರು ಅವರ ಮುಖ ನೋಡಿದರು. ನಾಲ್ಕೈದು ದಿನಕ್ಕೊಮ್ಮೆ ನಳದ ನೀರು ಕಂಡು ಬಾಳಿದ ಊರಿನ ಹೆಂಗಸರಿಗೆ ಈ ಮಾತು ಹೇಳಬಾರದು. 2022ರ ಜುಲೈ 1ರಂದು ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ಕಿನ ಹಲವು ವಸ್ತುಗಳು ನಿಷೇಧವಾದಾಗ 'ಬಟ್ಟೆ ಚೀಲ' ಎಂದು ಪೇಟೆ ತುಂಬ ಬಣ್ಣಬಣ್ಣದ ಚೀಲಗಳು ಕಂಡವು. ಅವುಗಳಲ್ಲಿ ಹೆಚ್ಚಿನವು ಬಟ್ಟೆಯಲ್ಲ, ಬಟ್ಟೆಯಂತೆ ಕಾಣುವ ಪಾಲಿಪ್ರೊಪಿಲಿನ್. ಒಂದು ಎಳೆ ಕಿತ್ತು ಕಡ್ಡಿಯ ಬೆಂಕಿಗೆ ಹಿಡಿದರೆ ನೂಲಿನ ಅಂಗಡಿಯ ಗುಮಾಸ್ತನಿಗೂ ಗೊತ್ತಾಗುತ್ತದೆ. ಹತ್ತಿಯಾದರೆ ಕಾಗದದ ವಾಸನೆ, ಅದಾದರೆ ಕರಗಿ ಗುಂಡಗಾಗುತ್ತದೆ.

ಇನ್ನು ಚಿಂದಿಯ ವಿಷಯ. ನಮ್ಮ ಮನೆಯಲ್ಲಿ ಎರಡು ವರ್ಷ ನಿದ್ದೆ ಕೆಡಿಸಿದ್ದು ಇದೇ.

ಸೋಲಾಪುರದಲ್ಲಿ ಚಾದರ ಟಾವೆಲ್ಲಿನ ಜೊತೆಗೆ ಈಚಿನ ವರ್ಷಗಳಲ್ಲಿ ಶಾಲೆಯ ಸಮವಸ್ತ್ರ ಹೊಲಿಯುವ ಉದ್ಯಮ ಚೆನ್ನಾಗಿ ಬೆಳೆದಿದೆ. ಕತ್ತರಿಸುವ ಮೇಜಿನ ಕೆಳಗೆ ದಿನಾ ಚೂರುಗಳ ರಾಶಿ ಬೀಳುತ್ತದೆ. ಅದರಲ್ಲಿ ಒಂದಿಷ್ಟು ಯಂತ್ರ ಒರೆಸುವವರಿಗೆ, ಒಂದಿಷ್ಟು ಗಾದಿ ತುಂಬುವವರಿಗೆ, ಉಳಿದದ್ದು ಬಾಯ್ಲರಿನ ಒಲೆಗೆ ಹೋಗುತ್ತಿತ್ತು. ನಮ್ಮ ತಮ್ಮನ ಮಗ ಜವಳಿ ವಿಷಯದಲ್ಲಿ ಡಿಪ್ಲೊಮಾ ಮಾಡಿದವನು. 2022ರ ದೀಪಾವಳಿಯ ಲಕ್ಷ್ಮೀಪೂಜೆಯ ಮಾರನೆ ದಿನ ಅವನು ನಮ್ಮ ಮುಂದೆ ಒಂದು ಕಾಗದ ಇಟ್ಟ. ಆ ಚೂರುಗಳಿಂದ ತಿರುಗಿ ನೂಲು ತೆಗೆಯುವ ಘಟಕದ ಲೆಕ್ಕ ಅದು.

ಕೆಲಸ ನಡೆಯುವ ರೀತಿ ಹೀಗೆ. ಮೊದಲು ಚೂರುಗಳನ್ನು ಬಣ್ಣ ಬಣ್ಣವಾಗಿ ಬೇರೆ ಮಾಡಬೇಕು. ಗುಂಡಿ, ಕೊಂಡಿ, ಜಿಪ್ಪು, ಲೇಬಲ್ಲು ಕಿತ್ತು ತೆಗೆಯಬೇಕು. ಆಮೇಲೆ ಅವನ್ನು ಸಣ್ಣಗೆ ಕತ್ತರಿಸಿ, ಮೈತುಂಬ ಮುಳ್ಳಿರುವ ಉರುಳೆಗಳ ಯಂತ್ರಕ್ಕೆ ಹಾಕಿದರೆ ಬಟ್ಟೆ ಹರಿದು ಅರಳೆಯಾಗುತ್ತದೆ. ಹರಿದ ಎಳೆ ಗಿಡ್ಡಾಗಿರುತ್ತದೆ, ಅದಕ್ಕೆ ಬಲ ಬರಲೆಂದು ಹೊಸ ಎಳೆಯನ್ನು ಸ್ವಲ್ಪ ಬೆರೆಸುತ್ತಾರೆ. ಕಾರ್ಡಿಂಗ್ ಮಾಡಿ, ಓಪನ್ ಎಂಡ್ ಯಂತ್ರದಲ್ಲಿ ನೂತರೆ ದಪ್ಪ ನೂಲು ಬರುತ್ತದೆ. ಸಣ್ಣ ನೂಲು ಬರುವುದಿಲ್ಲ. ಹಾಸಿಗೆ ಬಿಗಿದು ಎಳೆದರೆ ತಾಳುವುದಿಲ್ಲ, ಆದರೆ ಅಗ್ಗದ ಚಾದರದ ಹೊಕ್ಕಿಗೆ, ಜಮಖಾನಕ್ಕೆ, ಕಾಲೊರಸಿಗೆ ನಡೆಯುತ್ತದೆ. ಇದರಲ್ಲಿ ಮುಖ್ಯ ಸಂಗತಿ ಏನೆಂದರೆ ನೀಲಿ ಚೂರಿನಿಂದ ನೀಲಿ ನೂಲೇ ಬರುತ್ತದೆ. ಮತ್ತೆ ಬಣ್ಣ ಹಾಕುವ ಮಾತೇ ಇಲ್ಲ. ಆ ಹತ್ತಾರು ಲೀಟರ್ ನೀರು, ಉಪ್ಪು, ಸೋಡಾ, ಬಾಯ್ಲರಿನ ಕಟ್ಟಿಗೆ ಎಲ್ಲವೂ ಉಳಿಯಿತು. ಕಾಗದ ನೋಡಿ ನಮಗೂ ಮನಸ್ಸು ಕುದುರಿತು.

ಪಾಣಿಪತ್ತಿನಲ್ಲಿ ಈ ಕೆಲಸ ಬಹಳ ಕಾಲದಿಂದ ನಡೆದಿದೆ. ಪರದೇಶದ ಹಳೆಯ ಉಣ್ಣೆಯ ಬಟ್ಟೆ ತರಿಸಿ ಹರಿದು ಕಂಬಳಿ ಮಾಡುವ ಊರು ಅದು. ನಮ್ಮ ಚಾದರದ ಮಾರುಕಟ್ಟೆಯನ್ನು ಮಿಂಕ್ ಬ್ಲಾಂಕೆಟ್ಟಿನಿಂದ ತಿಂದ ಊರೂ ಅದೇ, ಆದರೆ ವಿದ್ಯೆ ಕಲಿಯಲು ಶತ್ರುವಿನ ಮನೆಗೂ ಹೋಗಬೇಕು. ಮಗ, ತಮ್ಮನ ಮಗ, ನಾವು ಮೂವರೂ ಹೋಗಿ ಮೂರು ಘಟಕ ನೋಡಿದೆವು. ಎರಡು ಚೆನ್ನಾಗಿದ್ದವು. ಮೂರನೆಯದರಲ್ಲಿ ಬಾಗಿಲು ತೆರೆದ ಕೂಡಲೇ ಒಳಗೆ ಮಂಜು ಕವಿದಂತೆ ಧೂಳು. ಹರಿಯುವ ಯಂತ್ರದ ಬಳಿ ನಿಂತವನ ಹುಬ್ಬು, ರೆಪ್ಪೆ ಎಲ್ಲ ಬೆಳ್ಳಗೆ. ಚೂರು ಆರಿಸುವ ಹೆಂಗಸರು ಸೆರಗನ್ನು ಮೂಗಿಗೆ ಕಟ್ಟಿಕೊಂಡು ನೆಲದ ಮೇಲೆ ಕೂತಿದ್ದರು. ಹೊರಗಿನ ಗೋಡೆಯ ಮೇಲೆ ಗಿಡದ ಚಿತ್ರ, ಎರಡು ಎಲೆಗಳ ನಡುವೆ ಭೂಮಿಯ ಗೋಲ. ನಮ್ಮ ಹುಡುಗರು ಅದರ ಫೋಟೊ ತೆಗೆದುಕೊಂಡರು. ಒಳಗಿನದನ್ನು ತೆಗೆಯಲು ಮಾಲಕರು ಬಿಡಲಿಲ್ಲ.

ಹತ್ತಿಯ ಧೂಳಿನ ಕಾಯಿಲೆ ಸೋಲಾಪುರಕ್ಕೆ ಹೊಸದಲ್ಲ. ವೈದ್ಯರು ಬಿಸಿನೋಸಿಸ್ ಎನ್ನುತ್ತಾರೆ. ಅದರ ಲಕ್ಷಣ ವಿಚಿತ್ರ. ರಜೆ ಮುಗಿಸಿ ಕೆಲಸಕ್ಕೆ ಹೋದ ಮೊದಲ ದಿನ ಎದೆ ಬಿಗಿಯುತ್ತದೆ, ಆಮೇಲೆ ವಾರವಿಡೀ ಸ್ವಲ್ಪ ಸಡಿಲ. ವರ್ಷಗಳು ಕಳೆದ ಹಾಗೆ ಎಲ್ಲ ದಿನವೂ ಬಿಗಿತವೇ. ನಮ್ಮ ಚಾಳಿನಲ್ಲಿ ಗಿರಣಿಯ ಬ್ಲೋರೂಮಿನಲ್ಲಿ ದುಡಿದ ಒಬ್ಬ ಮುದುಕರಿದ್ದರು. ಗಿರಣಿ ಮುಚ್ಚಿ ಎಷ್ಟೋ ವರ್ಷದ ಮೇಲೂ ಮೆಟ್ಟಿಲು ಹತ್ತುವಾಗ ಮೂರು ಕಡೆ ನಿಲ್ಲುತ್ತಿದ್ದರು. ಚಿಂದಿಯಲ್ಲಿ ಎಳೆ ಇನ್ನೂ ಗಿಡ್ಡ, ಧೂಳು ಇನ್ನೂ ಹೆಚ್ಚು. ನದಿ ಉಳಿಸಿದೆವೆಂದು ಬೋರ್ಡು ಹಾಕಿ ಒಬ್ಬ ಹೆಣ್ಣುಮಗಳ ಎದೆಗೂಡನ್ನು ಕೆಡಿಸುವುದು ಯಾವ ಲೆಕ್ಕ?

ಈ ವಿಷಯದಲ್ಲಿ ನಮ್ಮ ಶಾಸ್ತ್ರಕಾರರು ವ್ಯಾಪಾರಿಯ ಕಷ್ಟವನ್ನು ತಿಳಿದೇ ಮಾತಾಡಿದ್ದಾರೆ. ಹಿಂಸೆಯನ್ನು ಸಂಕಲ್ಪಿ, ಆರಂಭಿ, ಉದ್ಯೋಗಿ, ವಿರೋಧಿ ಎಂದು ನಾಲ್ಕು ಮಾಡಿ, ಗೃಹಸ್ಥ ಸಂಕಲ್ಪಿಯನ್ನು ಪೂರ್ತಿ ಬಿಡಲೇಬೇಕು, ಉಳಿದವುಗಳಲ್ಲಿ ಎಚ್ಚರದಿಂದ ಇರಬೇಕು ಎಂದರು. ಅಂಗಡಿ ಕಾರ್ಖಾನೆಯಲ್ಲಿ ಆಗುವುದು ಉದ್ಯೋಗಿ ಹಿಂಸೆ. ಅದು ತಪ್ಪುವುದಿಲ್ಲ ಎಂದು ನಾವೆಲ್ಲ ಅದರ ನೆರಳಲ್ಲಿ ಕೂತುಬಿಟ್ಟಿದ್ದೇವೆ. ಆದರೆ ಸಮಂತಭದ್ರ ಆಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅನರ್ಥದಂಡವನ್ನು ಹೇಳುವಾಗ ಪ್ರಮಾದಚರ್ಯೆಯನ್ನೂ ಎಣಿಸುತ್ತಾರೆ. ಕಾರಣವಿಲ್ಲದೆ ನೆಲ ಅಗೆಯುವುದು, ನೀರು ಚೆಲ್ಲುವುದು, ಬೆಂಕಿ ಹಚ್ಚುವುದು, ಗಾಳಿ ಬೀಸುವುದು, ಗಿಡ ಕಡಿಯುವುದು. ಇವತ್ತಿನ ಪರಿಸರದ ಕಾನೂನಿನ ಪುಸ್ತಕದಲ್ಲಿ ಇದಕ್ಕಿಂತ ಹೆಚ್ಚೇನಿದೆ? ಆಶಾಧರ ಪಂಡಿತರ ಸಾಗಾರಧರ್ಮಾಮೃತದಲ್ಲಿ ಬರುವ ಖರಕರ್ಮಗಳನ್ನು, ಶ್ವೇತಾಂಬರ ಬಂಧುಗಳು ಹದಿನೈದು ಕರ್ಮಾದಾನ ಎನ್ನುವುದನ್ನು, ಹುಡುಗರಿಗೆ ಓದಿ ಹೇಳಿದೆವು. ಅದರಲ್ಲಿ ಕೆರೆ ಬತ್ತಿಸುವುದೂ ಇದೆ, ವಿಷದ ವ್ಯಾಪಾರವೂ ಇದೆ. ಇದನ್ನು ಹೇಳುವ ಕಾರಣವಿತ್ತು. ಹಳೆಯ ಬ್ಯಾಟರಿ ಒಡೆದು ಸೀಸ ತೆಗೆಯುವುದೂ 'ಮರುಬಳಕೆ'ಯೇ, ಅದರಲ್ಲಿ ನಫಾ ಹೆಚ್ಚು, ಅದನ್ನೂ ಮಾಡೋಣ ಎಂದು ಮನೆಯಲ್ಲಿ ಒಬ್ಬರ ಮನಸ್ಸಿನಲ್ಲಿತ್ತು. 2022ರಲ್ಲಿ ಬ್ಯಾಟರಿ ತ್ಯಾಜ್ಯದ ನಿಯಮ ಬಂದ ಮೇಲೆ ನೋಂದಣಿ, ಲೆಕ್ಕಪತ್ರ ಎಲ್ಲ ಇದೆ, ನಿಜ. ಆದರೂ ಸಂದಿಗೊಂದಿಗಳಲ್ಲಿ ಸೀಸ ಕರಗಿಸಿ ಆ ಹೊಗೆಯನ್ನು ಪಕ್ಕದ ಮನೆಯ ಕೂಸಿನ ತೊಟ್ಟಿಲಿಗೆ ಬಿಡುವವರನ್ನು ನಾವು ಬಲ್ಲೆವು. ಆ ಮಾತು ಅಲ್ಲಿಗೇ ನಿಂತಿತು.

ಚೂರು ಆರಿಸಲು ಕೈ ಬೇಕು. ಸೋಲಾಪುರದಲ್ಲಿ ಆ ಕೈಗಳು ಬೀಡಿ ಕಟ್ಟುತ್ತಿವೆ. ಸಾವಿರಾರು ಹೆಂಗಸರು ಮನೆಯಲ್ಲಿ ಎಲೆ ಕತ್ತರಿಸಿ, ತಂಬಾಕು ತುಂಬಿ, ದಾರ ಸುತ್ತಿ ಸಂಸಾರ ಸಾಗಿಸಿದವರು. ತಂಬಾಕಿಗಿಂತ ಚಿಂದಿ ಒಳ್ಳೆಯದಲ್ಲವೇ, ಕರೆದರೆ ಓಡಿ ಬರುತ್ತಾರೆ ಎಂದು ತಮ್ಮನ ಮಗನ ಎಣಿಕೆ. ಕುಂಭಾರಿ ಕಡೆಯ ಒಬ್ಬ ತಾಯಿ, ನಮ್ಮ ಮಗ್ಗದ ಕಾಮಗಾರನ ಅತ್ತೆ, ಮಾತಾಡಲು ಬಂದಳು. ಐವತ್ತರ ಮೇಲಿನ ವಯಸ್ಸು. ಕೂಡು ಎಂದರೂ ಕೂಡಲಿಲ್ಲ.

"ಸಾವಕಾರ್ರ, ಬೀಡಿ ಕಟ್ಟೂದು ಕೆಟ್ಟ ಅಂತ ನಮಗೂ ಗೊತ್ತೈತ್ರಿ. ಆದ್ರ ಮನ್ಯಾಗ ಕುಂತ ಕಟ್ತೀವಿ, ಮೊಮ್ಮಕ್ಕಳು ಕಣ್ಣಮುಂದ ಇರ್ತಾವ. ಮತ್ತ ನನ್ನ ಹೆಸರಿಲೆ ಪಿ.ಎಫ್. ಐತಿ. ನಿಮ್ಮಲ್ಲಿ ಬಂದ್ರ ಅದು ಇರ್ತೈತೇನ್ರಿ?"

ತಮ್ಮನ ಮಗನ ಮುಖ ಸಣ್ಣದಾಯಿತು. ಬೀಡಿ ಕಾರ್ಮಿಕರಿಗೆ 1966ರಲ್ಲೇ ಕಾಯದೆ ಬಂತು, 1977ರಿಂದ ಪ್ರಾವಿಡೆಂಟ್ ಫಂಡು ಬಂತು. ಎಷ್ಟೋ ಚಳವಳಿ ಮಾಡಿ ಆ ಹೆಂಗಸರು ಅದನ್ನು ಕೈಗೆ ತಂದುಕೊಂಡಿದ್ದಾರೆ. ಅವನ ಕಾಗದದಲ್ಲಿ ಅದರ ಕಲಮೇ ಇರಲಿಲ್ಲ. ಒಟ್ಟು 38 ಮಂದಿ ಬೇಕಿತ್ತು. ಚೂರು ಆರಿಸಲು 26 ಹೆಂಗಸರು, ಯಂತ್ರಗಳ ಮೇಲೆ 12 ಮಂದಿ. 20 ಜನ ಆದರೆ ಪಿ.ಎಫ್. ಕಟ್ಟಬೇಕು. ಅದಕ್ಕೆ ಅವನು ಎರಡು ಫರ್ಮು ಮಾಡಿದ್ದ, ಒಂದು ಅವನ ಹೆಸರಲ್ಲಿ, ಒಂದು ಅವನ ಹೆಂಡತಿಯ ಹೆಸರಲ್ಲಿ. ಪ್ರತಿಯೊಂದರಲ್ಲೂ 19 ಹೆಸರು. ಈ 19ರ ಲೆಕ್ಕ ನಮ್ಮ ವ್ಯಾಪಾರಿ ಓದುಗರಿಗೆ ವಿವರಿಸಿ ಹೇಳಬೇಕಾಗಿಲ್ಲ.

"ದೊಡ್ಡಪ್ಪ, ಎಲ್ಲಾರೂ ಹಿಂಗ ಮಾಡ್ತಾರ. ನಾವೊಬ್ರ ಬ್ಯಾರೆ ಹಾದಿ ಹಿಡಿದ್ರ ಕಿಲೋಕ್ಕ ದರಾ ಎಲ್ಲಿ ಕೂಡ್ತೈತಿ?" ಎಂದ.

ಅವನ ಮಾತಿನಲ್ಲಿ ಹುರುಳಿಲ್ಲ ಎನ್ನುವ ಹಾಗಿಲ್ಲ. ಪೇಟೆಯಲ್ಲಿ ಎರಡು ರೂಪಾಯಿ ಹೆಚ್ಚಾದರೆ ಗಿರಾಕಿ ಪಕ್ಕದ ಮೆಟ್ಟಿಲು ಹತ್ತುತ್ತಾನೆ. ಮೂರು ತಿಂಗಳು ಈ ಒಂದು ಸಂಗತಿಯ ಮೇಲೆ ಮನೆಯಲ್ಲಿ ಮಾತು ನಡೆಯಿತು. ತಮ್ಮ ನಮ್ಮ ಜೊತೆ ಮಾತು ಕಡಿಮೆ ಮಾಡಿದ. ದಶಲಕ್ಷಣ ಪರ್ವದಲ್ಲಿ ಬಸದಿಯಲ್ಲಿ ಅಕ್ಕಪಕ್ಕ ಕೂತು, ಕ್ಷಮಾವಾಣಿಯ ದಿನ ಕೈ ಮುಗಿದು, ಮಾರನೆ ದಿನ ಮತ್ತೆ ಅದೇ ಮಾತು. ಕೊನೆಗೆ ದಾರಿ ಕಂಡದ್ದು ನಮ್ಮ ಸೊಸೆಗೆ. ಅವಳು ಬಿ.ಕಾಂ. ಮಾಡಿದವಳು. ಮೊದಲು ದೊಡ್ಡ ಗಿರಾಕಿ ಯಾರೆಂದು ನೋಡಿರಿ ಎಂದಳು. ಕಾಲೊರಸು, ಜಮಖಾನ ಪರದೇಶಕ್ಕೆ ಕಳಿಸುವವರು ಮರುಬಳಕೆಯ ನೂಲಿಗೆ 'ಗ್ಲೋಬಲ್ ರೀಸೈಕಲ್ಡ್ ಸ್ಟ್ಯಾಂಡರ್ಡ್' ಎಂಬ ಪ್ರಮಾಣಪತ್ರ ಕೇಳುತ್ತಾರೆ. ಅದರ ತಪಾಸಣೆಗೆ ಬರುವವರು ಚಿಂದಿ ಎಲ್ಲಿಂದ ಬಂತು ಎಂಬುದನ್ನಷ್ಟೇ ನೋಡುವುದಿಲ್ಲ, ಕಾಮಗಾರರ ಹಜೇರಿ, ಪಗಾರದ ಪುಸ್ತಕ, ಬೆಂಕಿ ಬಿದ್ದರೆ ಹೊರಗೆ ಓಡುವ ದಾರಿ ಎಲ್ಲವನ್ನೂ ನೋಡುತ್ತಾರೆ. ಎರಡು ಫರ್ಮು, ಒಂದೇ ಬಾಗಿಲು ಎಂದರೆ ಮೊದಲ ದಿನವೇ ಸಿಕ್ಕಿಬೀಳುತ್ತೀರಿ ಎಂದಳು. ಧರ್ಮದಿಂದ ಬಗ್ಗದ ಮಾತು ದರದಿಂದ ಬಗ್ಗಿತು. ನಮಗೇನೂ ಬೇಸರವಿಲ್ಲ, ವ್ಯಾಪಾರಿಗಳ ಮನೆ.

ಒಂದೇ ಫರ್ಮು ಆಯಿತು. 38 ಹೆಸರೂ ಒಂದೇ ಹಜೇರಿಯಲ್ಲಿ, ಪಿ.ಎಫ್., ಇ.ಎಸ್.ಐ. ಎರಡೂ ಇವೆ. ಹರಿಯುವ ಯಂತ್ರಕ್ಕೆ ಡಬ್ಬಿಯ ಹಾಗೆ ಸುತ್ತ ಮುಚ್ಚಿಗೆ ಮಾಡಿ, ಧೂಳನ್ನು ಎಳೆದು ಚೀಲಕ್ಕೆ ತುಂಬುವ ಫ್ಯಾನು ಹಾಕಿಸಿದೆವು. ಅದಕ್ಕೆ ಬಿದ್ದ ಖರ್ಚಿನಲ್ಲಿ ಒಂದು ಹಳೆಯ ಕಾರ್ಡಿಂಗ್ ಯಂತ್ರ ಬರುತ್ತಿತ್ತು. ಯಂತ್ರದ ಬಾಯಿಗೆ ಅಯಸ್ಕಾಂತ ಕೂಡಿಸಿದ್ದೇವೆ. ಚೂರಿನಲ್ಲಿ ಒಂದು ಕಬ್ಬಿಣದ ಕೊಂಡಿ ಉಳಿದರೂ ಮುಳ್ಳಿಗೆ ತಾಗಿ ಕಿಡಿ ಹಾರಿ ಇಡೀ ಗೋದಾಮು ಉರಿಯುತ್ತದೆ. ಈ ಧಂದೆಯಲ್ಲಿ ಬೆಂಕಿಗಿಂತ ದೊಡ್ಡ ವೈರಿ ಇಲ್ಲ. ಚೂರು ಆರಿಸುವ ಕೋಣೆಯನ್ನು ಯಂತ್ರದ ಕೋಣೆಯಿಂದ ಗೋಡೆ ಕಟ್ಟಿ ಬೇರೆ ಮಾಡಿದೆವು, ನೆಲದ ಮೇಲೆ ಕೂಡದಂತೆ ಮೇಜು, ಬಾಕು ಹಾಕಿದೆವು. ಆರು ತಿಂಗಳಿಗೊಮ್ಮೆ ಎಲ್ಲರ ಉಸಿರಿನ ಪರೀಕ್ಷೆ. ಅದು ವಾರದ ರಜೆಯ ಮಾರನೆ ದಿನ, ಪಾಳಿ ಶುರುವಾಗುವ ಮೊದಲು ಒಮ್ಮೆ, ಮುಗಿದ ಮೇಲೆ ಒಮ್ಮೆ. ಎರಡರ ನಡುವೆ ಅಂತರ ಕಂಡವರನ್ನು ಯಂತ್ರದ ಕೋಣೆಯಿಂದ ತೆಗೆದು ಬೇರೆ ಕೆಲಸಕ್ಕೆ ಹಾಕಬೇಕು, ಪಗಾರ ಇಳಿಸಬಾರದು ಎಂದು ಪಾಲುಪತ್ರದಲ್ಲೇ ಬರೆಸಿದ್ದೇವೆ. ತಮ್ಮ ಸಹಿ ಮಾಡುವ ಮುಂಚೆ ಆ ಸಾಲನ್ನು ಎರಡು ಸಲ ಓದಿದ.

2024ರ ದೀಪಾವಳಿಯ ಪಾಡ್ಯದಂದು ಮೊದಲ ಕೋನ್ ನೂಲು ಇಳಿಯಿತು. ಕಪ್ಪು ನೀಲಿ, ಯಾವುದೋ ಶಾಲೆಯ ಪ್ಯಾಂಟಿನ ಬಣ್ಣ. ಕುಂಭಾರಿಯ ಆ ತಾಯಿ ಬರಲಿಲ್ಲ. ಮೊಮ್ಮಕ್ಕಳನ್ನು ಬಿಟ್ಟು ಬರಲಾಗದು ಎಂದು ಬೀಡಿಯನ್ನೇ ಕಟ್ಟುತ್ತಿದ್ದಾಳೆ. ಅವಳ ಸೊಸೆ ಬಂದಿದ್ದಾಳೆ. ಕೂಸುಗಳನ್ನು ಇಟ್ಟುಕೊಳ್ಳಲು ಒಂದು ಖೋಲಿ ಮಾಡಿರಿ ಎಂದು ಹೆಂಗಸರೆಲ್ಲ ಕೇಳಿದ್ದಾರೆ. ಜಾಗ ಇದೆ, ನೋಡಿಕೊಳ್ಳುವವರ ಪಗಾರದ ಲೆಕ್ಕ ಇನ್ನೂ ಕೂಡಿಲ್ಲ.

ನಫಾ ಎಷ್ಟು ಎಂದು ಓದುಗರು ಮನಸ್ಸಿನಲ್ಲೇ ಕೇಳುತ್ತಿರುತ್ತೀರಿ. ಬಡ್ಡಿ ಹೋಗಿ ಕೈಗೆ ಬರುವುದು ಸಣ್ಣದು. ಪಾಣಿಪತ್ತಿನ ನೂಲು ನಮ್ಮದಕ್ಕಿಂತ ಅಗ್ಗವಾಗಿ ಸೋಲಾಪುರದ ಪೇಟೆಗೇ ಬಂದು ಬೀಳುತ್ತದೆ. ಪ್ರಮಾಣಪತ್ರ ಕೇಳುವ ಗಿರಾಕಿ ನಮ್ಮಲ್ಲಿ ಬರುತ್ತಾನೆ, ಕೇಳದವನು ಬರುವುದಿಲ್ಲ. ಮಹಾರಾಷ್ಟ್ರ ಸರಕಾರದ 2023ರಿಂದ 2028ರವರೆಗಿನ ಜವಳಿ ಧೋರಣೆಯ ಹೆಸರಿನಲ್ಲೇ 'ಶಾಶ್ವತ' ಎಂಬ ಶಬ್ದ ಇದೆ. ಧೋರಣೆಯ ಕಾಗದವನ್ನು ಸೊಸೆ ಫೈಲಿನಲ್ಲಿ ಇಟ್ಟಿದ್ದಾಳೆ, ಅರ್ಜಿಗಳ ಹಿಂದೆ ಅವಳೇ ತಿರುಗುತ್ತಾಳೆ. ಎರಡನೆಯ ಹರಿಯುವ ಯಂತ್ರ ತರೋಣ ಎಂದು ತಮ್ಮನ ಮಗ ಅವಸರ ಮಾಡುತ್ತಿದ್ದಾನೆ. ಮೊದಲು ಒಂದು ವರ್ಷದ ಉಸಿರಿನ ಪರೀಕ್ಷೆಯ ಕಾಗದಗಳನ್ನು ಮೇಜಿನ ಮೇಲೆ ಇಡು, ಆಮೇಲೆ ನೋಡೋಣ ಎಂದಿದ್ದೇವೆ.

ಜತ್ತ, ಅಕ್ಕಲಕೋಟ, ಇಂಡಿ, ವಿಜಯಪುರ ಕಡೆ ಹೊಲಿಗೆಯ ಕಾರ್ಖಾನೆ, ಬಟ್ಟೆ ಅಂಗಡಿ ಇರುವ ಬಂಧುಗಳಿಗೆ ಒಂದು ವಿನಂತಿ. ಚೂರುಗಳನ್ನು ಒಲೆಗೆ ಹಾಕಬೇಡಿರಿ. ಹತ್ತಿಯದು ಬೇರೆ, ಪಾಲಿಯೆಸ್ಟರ್ ಬೇರೆ ಮಾಡಿ ಕಟ್ಟಿರಿ. ಬಣ್ಣವನ್ನೂ ಬೇರೆ ಮಾಡಿದ ಗಂಟಿಗೆ ದರ ಹೆಚ್ಚು ಕೊಡುತ್ತಾರೆ, ನಾವೂ ಕೊಡುತ್ತೇವೆ, ಯಾರಾದರೂ ಕೊಡುತ್ತಾರೆ. ಒದ್ದೆಯ ಗಂಟು ಮಾತ್ರ ಕಳಿಸಬೇಡಿರಿ, ಒಳಗೆ ಬೂಸು ಹಿಡಿದು ಜೀವ ಹುಟ್ಟುತ್ತದೆ, ಆರಿಸುವವರ ಕೈಗೂ ಒಳ್ಳೆಯದಲ್ಲ. ಗುಂಡಿಗಳನ್ನು ನಿಮ್ಮಲ್ಲೇ ಕಿತ್ತಿಟ್ಟುಕೊಳ್ಳಿರಿ, ಅವಕ್ಕೂ ಪೇಟೆಯಲ್ಲಿ ಗಿರಾಕಿ ಇದ್ದಾನೆ.